ಇಟ್ಟಿಗೆಯ ಸಾಲುಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಗಾದೆ. ಕಟ್ಟುವವನ ಪಾಡನ್ನು ಕಂಡ ಹಿರಿಯರು ಆಡಿದ ಮಾತು ಅದು. ಬೇರೆ ಯಾರೋ ಕಟ್ಟಿದ, ಬೇರೆ ಯಾರೋ ಬಾಳಿದ, ಏಳೆಂಟು ತಲೆಮಾರಿನವರು ಹುಟ್ಟಿ ಸತ್ತ ಮನೆಯೊಂದನ್ನು ಹಣ ತೆತ್ತು ಕೊಳ್ಳುವವನ ಪಾಡಿಗೆ ನಮ್ಮಲ್ಲಿ ಗಾದೆ ಹುಟ್ಟಲಿಲ್ಲ. ಅದಕ್ಕೆ ಕಾರಣವೂ ಇದೆ. ನಮ್ಮ ಊರುಗಳಲ್ಲಿ ಹಳೆಯ ಮನೆಯನ್ನು ಕೊಳ್ಳುವವನ ಕಣ್ಣು ಮನೆಯ ಮೇಲಿರುವುದಿಲ್ಲ, ನಿವೇಶನದ ಮೇಲಿರುತ್ತದೆ. ಬಸವನಗುಡಿಯಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ, ಮೈಸೂರಿನ ಚಾಮರಾಜಪುರದಲ್ಲಾಗಲಿ ಹೆಂಚಿನ ಮನೆಯೊಂದು ಮಾರಾಟವಾಯಿತೆಂದರೆ, ಕ್ರಯಪತ್ರದ ಮಸಿ ಆರುವುದರೊಳಗೆ ಹಾರೆ ಗುದ್ದಲಿಗಳು ಬಂದು ನಿಲ್ಲುತ್ತವೆ. ತೇಗದ ಬಾಗಿಲು ಒಬ್ಬನಿಗೆ, ಮಂಗಳೂರು ಹೆಂಚು ಇನ್ನೊಬ್ಬನಿಗೆ, ಉಳಿದ ಮಣ್ಣು ಹಳ್ಳ ತುಂಬುವುದಕ್ಕೆ. ಗೋಡೆಗೆ ನಾವು ಬೆಲೆ ಕಟ್ಟುವುದಿಲ್ಲ. ಗೋಡೆಯನ್ನು ಕೆಡಹುವ ಕೂಲಿಯನ್ನು ಬೆಲೆಯಲ್ಲಿ ಕಳೆಯುತ್ತೇವೆ.

ಇದಕ್ಕೆ ತೀರ ವಿರುದ್ಧವಾದ ವ್ಯವಹಾರವೊಂದನ್ನು ಕುರಿತು ಈ ಹೊತ್ತು ಮಾತನಾಡಬೇಕೆಂದಿದ್ದೇನೆ. ಅಮೆರಿಕದ ಪೂರ್ವ ತೀರದಲ್ಲಿ ಫಿಲಡೆಲ್ಫಿಯ ಎಂಬ ನಗರವಿದೆ. ಅಲ್ಲಿಯ ಹಳೆಯ ಬಡಾವಣೆಗಳಲ್ಲಿ ಜನ ಇನ್ನೂರು ವರ್ಷದ ಇಟ್ಟಿಗೆ ಗೋಡೆಗಳಿಗಾಗಿಯೇ ಹಣ ಕೊಡುತ್ತಾರೆ. ಹೊಸ ಮನೆಗೆ ಕೊಡುವುದಕ್ಕಿಂತ ಹೆಚ್ಚಾಗಿ ಕೊಡುತ್ತಾರೆ. ಕೊಟ್ಟ ಮೇಲೆ ಬೀದಿಗೆ ಕಾಣುವ ಒಂದು ಕಿಟಕಿಯನ್ನು ಬದಲಾಯಿಸಬೇಕಾದರೂ ನಗರದ ಅಪ್ಪಣೆ ಬೇಡುತ್ತಾರೆ. ನನ್ನ ಮಗಳೂ ಅಳಿಯಂದಿರೂ ಆ ನಗರದಲ್ಲಿ ಹತ್ತು ವರ್ಷ ಬಾಡಿಗೆಗಿದ್ದು, ಕೂಡಿಟ್ಟ ಹಣವನ್ನೆಲ್ಲ ಇಂಥದೊಂದು ಮನೆಗೆ ಸುರಿಯಲು ಹೊರಟಾಗ ನಾನು ಆರು ತಿಂಗಳು ಅವರೊಡನಿದ್ದೆ. ಕಟ್ಟಡ ಶಾಸ್ತ್ರ ನನ್ನ ವಿದ್ಯೆಯಲ್ಲ. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನು ನಾನು. ಆದರೆ ಓಲೆಗರಿಯ ಪ್ರತಿಯನ್ನು ಹಿಡಿದು ಇದರಲ್ಲಿ ಮೂಲವೆಷ್ಟು, ಪ್ರಕ್ಷಿಪ್ತವೆಷ್ಟು, ಲಿಪಿಕಾರ ಎಲ್ಲಿ ಕೈ ತಪ್ಪಿದ ಎಂದು ಹುಡುಕಿ ಅಭ್ಯಾಸವಾದವನಿಗೆ ಅಂಥ ಮನೆಯ ಮುಂದೆ ನಿಂತಾಗ ಕೆಲಸ ತೀರ ಹೊಸದೆನ್ನಿಸಲಿಲ್ಲ.

ಮೊದಲು ಊರಿನ ವಿಷಯ. ವಿಲಿಯಂ ಪೆನ್ ಎಂಬ ಕ್ವೇಕರ್ ಮತದವನಿಗೆ 1681ರಲ್ಲಿ ಇಂಗ್ಲೆಂಡಿನ ದೊರೆಯಿಂದ ಆ ಸೀಮೆಯ ಸನ್ನದು ಸಿಕ್ಕಿತು. ಮರುವರ್ಷ ಥಾಮಸ್ ಹೋಮ್ ಎಂಬ ಮೋಜಣಿದಾರ ಎರಡು ನದಿಗಳ ನಡುವೆ ಚದುರಂಗದ ಮಣೆಯ ಹಾಗೆ ಬೀದಿಗಳನ್ನು ಎಳೆದ. ಪೂರ್ವ ಪಶ್ಚಿಮದ ಬೀದಿಗಳಿಗೆ ಮರಗಳ ಹೆಸರು: ಚೆಸ್ಟ್‌ನಟ್, ವಾಲ್‌ನಟ್, ಸ್ಪ್ರೂಸ್, ಪೈನ್. ಪೆನ್ ಲಂಡನ್ನಿನ 1665ರ ಪ್ಲೇಗನ್ನೂ 1666ರ ಮಹಾಗ್ನಿಯನ್ನೂ ಕಂಡ ತಲೆಮಾರಿನವನು. ಒತ್ತೊತ್ತಾಗಿ ಕಟ್ಟಿದ ಮರದ ಊರು ಏನಾಗುತ್ತದೆಂಬುದು ಅವನಿಗೆ ಗೊತ್ತಿತ್ತು. ಪ್ರತಿ ಮನೆಯ ಸುತ್ತ ತೋಟವಿರಬೇಕು, ಊರು ಹಸುರಾಗಿರಬೇಕು ಎಂದು ಆತ ಬಯಸಿದ. ಜನ ಅವನ ಮಾತನ್ನು ಕೇಳಲಿಲ್ಲ. ವ್ಯಾಪಾರವೆಲ್ಲ ಡೆಲವೇರ್ ನದಿಯ ದಂಡೆಯಲ್ಲಿ. ಎಲ್ಲರಿಗೂ ಅಲ್ಲೇ ಜಾಗ ಬೇಕು. ದೊಡ್ಡ ಹಿಡುವಳಿಗಳನ್ನು ಒಡೆಯರು ಸೀಳಿದರು, ಸೀಳಿದ್ದನ್ನು ಮತ್ತೆ ಸೀಳಿದರು, ನಡುವೆ ಕೈಗಾಡಿ ಹೋಗುವಷ್ಟು ಓಣಿಗಳನ್ನು ಬಿಟ್ಟು ಇಕ್ಕೆಲದಲ್ಲೂ ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಎಲ್ಫ್ರೆತ್ಸ್ ಆಲಿ ಎಂಬ ಅಂಥ ಒಂದು ಓಣಿ ಹದಿನೆಂಟನೆಯ ಶತಮಾನದ ಆರಂಭದಿಂದ ಇಂದಿನವರೆಗೂ ಜನವಸತಿಯಿಂದಲೇ ಉಳಿದಿದೆ. ಅದರ ಮೂವತ್ತೆರಡು ಮನೆಗಳನ್ನು ನೋಡಲು ಪ್ರವಾಸಿಗಳು ಬರುತ್ತಾರೆ. ತೋಟದ ಕನಸು ಹೋಯಿತು, ಇಟ್ಟಿಗೆ ಉಳಿಯಿತು. ಎರಡು ನದಿಗಳ ನಡುವಿನ ನೆಲವೇ ಒಳ್ಳೆಯ ಜೇಡಿಮಣ್ಣಾದದ್ದರಿಂದ ಇಟ್ಟಿಗೆಗೆ ಬರವಿರಲಿಲ್ಲ.

ಈ ಮನೆಗಳಲ್ಲಿ ತೀರ ಚಿಕ್ಕವನ್ನು 'ಟ್ರಿನಿಟಿ' ಎನ್ನುತ್ತಾರೆ. ಮೂರು ಅಂತಸ್ತು, ಅಂತಸ್ತಿಗೆ ಒಂದೇ ಕೋಣೆ; ತಂದೆ, ಮಗ, ಪವಿತ್ರಾತ್ಮ ಎಂಬ ಕ್ರೈಸ್ತರ ತ್ರಿತ್ವದ ಮೇಲೆ ಆಡುಮಾತಿನವರು ಇಟ್ಟ ಹೆಸರು. ಮೂಲೆಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತುವ ಮೆಟ್ಟಲು. ಮಂಚವನ್ನು ಮೇಲಕ್ಕೆ ಸಾಗಿಸಬೇಕಾದರೆ ಕಿಟಕಿಯ ಮೂಲಕವೇ ಎತ್ತಬೇಕು. ಅದಕ್ಕಿಂತ ಕೊಂಚ ದೊಡ್ಡವು ಹದಿನಾರು ಹದಿನೆಂಟು ಅಡಿ ಅಗಲ, ಹಿಂದಕ್ಕೆ ಉದ್ದ. ಮುಂದೆ ಎರಡೋ ಮೂರೋ ಬಿಳಿಯ ಅಮೃತಶಿಲೆಯ ಮೆಟ್ಟಲು, ಪಕ್ಕದಲ್ಲಿ ಬೂಟಿನ ಕೆಸರನ್ನು ಕೆರೆಯಲು ಕಬ್ಬಿಣದ ಒಂದು ಪಟ್ಟಿ. ಸಂಜೆ ಜನ ಆ ಮೆಟ್ಟಲ ಮೇಲೆ ಕುಳಿತು ಮಾತಾಡುವುದನ್ನು ಕಂಡಾಗ ಮೇಲುಕೋಟೆಯ ಬೀದಿಯ ಜಗಲಿಗಳು ನೆನಪಿಗೆ ಬಂದವು. ನಮ್ಮ ಅಗ್ರಹಾರದ ಮನೆಗಳೂ ಹೀಗೆಯೇ ಅಲ್ಲವೆ, ಒಂದರ ಗೋಡೆಗೆ ಇನ್ನೊಂದು ಆತುಕೊಂಡು, ಬೀದಿಗೆ ಅಗಲ ಕಡಿಮೆ, ಹಿತ್ತಿಲ ಕಡೆಗೆ ಉದ್ದ? ಆದ್ದರಿಂದ ಇಂಥ ಮನೆಗೆ ನಾನು 'ಸಾಲುಮನೆ' ಎಂಬ ಮಾತನ್ನೇ ಬಳಸುತ್ತೇನೆ. ವಠಾರವೆಂದರೆ ಅರ್ಥ ಕೆಡುತ್ತದೆ. ವಠಾರಕ್ಕೆ ಒಬ್ಬ ಒಡೆಯ, ಸಾಲುಮನೆಗೆ ಮನೆಗೊಬ್ಬ ಒಡೆಯ.

ಮನೆಗೊಬ್ಬ ಒಡೆಯನಾದರೂ ಗೋಡೆಗೆ ಮಾತ್ರ ಇಬ್ಬರು. ಸಾಲುಮನೆ ಕೊಳ್ಳುವವನು ಮೊದಲು ಅರಿಯಬೇಕಾದದ್ದು ಇದು. ಎರಡು ಮನೆಗಳ ನಡುವಿನ ಪಾಲುಗೋಡೆಯ ಅರ್ಧ ಅಗಲ ಈ ನಿವೇಶನದಲ್ಲಿ, ಅರ್ಧ ಆ ನಿವೇಶನದಲ್ಲಿ. ಮೊದಲು ಕಟ್ಟುವವನು ಪೂರ್ತಿ ಗೋಡೆಯನ್ನು ತನ್ನ ಖರ್ಚಿನಲ್ಲಿ ಎಬ್ಬಿಸುತ್ತಾನೆ. ಆಮೇಲೆ ಪಕ್ಕದವನು ತನ್ನ ತೊಲೆಗಳನ್ನು ಅದರ ಮೇಲೆ ಊರುವಾಗ ಅರ್ಧ ವೆಚ್ಚವನ್ನು ಸಲ್ಲಿಸಬೇಕು. ಈ ಲೆಕ್ಕದಲ್ಲಿ ಜಗಳ ಬಾರದಿರಲೆಂದು ಪೆನ್ಸಿಲ್ವೇನಿಯದ ಶಾಸನಸಭೆ 1721ರಲ್ಲೇ ಕಾಯಿದೆ ಮಾಡಿತು. ಅಣ್ಣತಮ್ಮಂದಿರು ಹಿಸ್ಸೆಯಾದ ಮನೆಯ ನಡುಗೋಡೆಗಾಗಿ ಮೂರು ತಲೆಮಾರು ಕೋರ್ಟು ಅಲೆದ ಕಥೆಗಳನ್ನು ಕೇಳಿರುವ ನಮಗೆ ಆ ಕಾಯಿದೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗಳು ಮೆಚ್ಚಿದ ಮನೆ ಸೊಸೈಟಿ ಹಿಲ್ ಎಂಬ ಬಡಾವಣೆಯ ಓಣಿಯೊಂದರಲ್ಲಿತ್ತು. ಹೆಸರು ಕೇಳಿದರೆ ಶ್ರೀಮಂತರ ಸಮಾಜದ ಗುಡ್ಡವೆನ್ನಿಸುತ್ತದೆ. ನಿಜಕ್ಕೂ ಅದು ಪೆನ್ನನ ಕಾಲದ 'ಫ್ರೀ ಸೊಸೈಟಿ ಆಫ್ ಟ್ರೇಡರ್ಸ್' ಎಂಬ ವರ್ತಕರ ಕೂಟದಿಂದ ಬಂದ ಹೆಸರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳ ಮನೆ. ಮೂರಂತಸ್ತು, ಹದಿನಾರಡಿ ಅಗಲ. ಕೆಳಗಿನ ಕಿಟಕಿಗೆ ಹಲಗೆಯ ಹೊರಬಾಗಿಲು, ಮೇಲಿನವಕ್ಕೆ ಗಾಳಿಯಾಡುವ ಪಟ್ಟಿಗಳ ಹೊರಬಾಗಿಲು. ಕೆಳಗೆ ಕಳ್ಳರ ಭಯ, ಮೇಲೆ ಸೆಕೆಯ ಕಾಟ, ಅದಕ್ಕೆ ತಕ್ಕಂತೆ ಊರಿನ ವಾಡಿಕೆ. ಮೊದಲ ನೋಟಕ್ಕೆ ಮನಸ್ಸು ಸೋಲುವುದು ಮುಂಗೋಡೆಗೆ. ಅದೇ ಸಾಲಿನಲ್ಲಿದ್ದ ಇನ್ನೂ ಹಳೆಯ ಮನೆಗಳ ಗೋಡೆ ಮತ್ತೂ ಸೊಗಸು. ಪ್ರತಿ ವರಸೆಯಲ್ಲಿ ಒಂದು ಇಟ್ಟಿಗೆಯ ಉದ್ದನೆಯ ಮೈ, ಅದರ ಪಕ್ಕದಲ್ಲಿ ಇನ್ನೊಂದರ ತುದಿಯ ಮುಖ, ಮತ್ತೆ ಉದ್ದ, ಮತ್ತೆ ತುದಿ. ಆ ತುದಿಯ ಮುಖಗಳು ಕಪ್ಪಗೆ ಹೊಳೆಯುತ್ತವೆ. ಸೌದೆಯ ಗೂಡಿನಲ್ಲಿ ಬೆಂಕಿಗೆ ತೀರ ಹತ್ತಿರವಿದ್ದ ಇಟ್ಟಿಗೆಯ ಮೈ ಕರಗಿ ಗಾಜಿನಂತಾಗುತ್ತಿತ್ತು. ಅಂಥವನ್ನು ಎಸೆಯದೆ ಆಯ್ದು ಚದುರಂಗದ ಚೌಕಗಳ ಹಾಗೆ ಗೋಡೆಯಲ್ಲಿ ಕೂಡಿಸಿದರು. ಛಂದಸ್ಸಿನಲ್ಲಿ ಗುರು ಲಘುಗಳನ್ನು ಗುರುತು ಹಾಕಿ ಬಾಳು ಕಳೆದ ನಾನು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆನೆಂದರೆ ಕೇಳುಗರು ನಗಬಾರದು.

ಆದರೆ ಇಟ್ಟಿಗೆಯ ಸೊಬಗನ್ನು ನೋಡುವವನು ಕೊಳ್ಳುವವನಲ್ಲ. ಕೊಳ್ಳುವವನು ನೋಡಬೇಕಾದದ್ದು ಇಟ್ಟಿಗೆ ಇಟ್ಟಿಗೆಗಳ ನಡುವಿನ ಸಂದನ್ನು. ಆ ಕಾಲದ ಗೂಡಿನಲ್ಲಿ ಎಲ್ಲ ಇಟ್ಟಿಗೆಯೂ ಸಮನಾಗಿ ಬೇಯುತ್ತಿರಲಿಲ್ಲ. ಚೆನ್ನಾಗಿ ಬೆಂದ ಗಟ್ಟಿಯವು ಹೊರಮುಖಕ್ಕೆ. ಅರೆಬೆಂದ, ತಿಳಿಗೆಂಪಿನ ಮೆತ್ತನೆಯವು ಗೋಡೆಯ ಒಳಕ್ಕೆ, ಪಾಲುಗೋಡೆಗೆ. ಇವನ್ನೆಲ್ಲ ಹಿಡಿದು ನಿಲ್ಲಿಸಿದ್ದು ಸುಣ್ಣದ ಗಾರೆ. ಗಾರೆಯ ಗುಣವೇನು? ಅದು ಇಟ್ಟಿಗೆಗಿಂತ ಮೆದು. ಮಳೆಯ ನೀರು ಗೋಡೆಯೊಳಕ್ಕೆ ಇಳಿದರೂ ಬಿಸಿಲು ಬಂದಾಗ ಸಂದಿನ ಗಾರೆಯ ಮೂಲಕ ಆವಿಯಾಗಿ ಹೊರಟುಹೋಗುತ್ತದೆ. ಚಳಿಗೆ ಕುಗ್ಗಿ ಬೇಸಗೆಗೆ ಹಿಗ್ಗುವ ಗೋಡೆಯ ಎಳೆದಾಟವನ್ನೂ ಗಾರೆಯೇ ತಾಳಿಕೊಳ್ಳುತ್ತದೆ. ಐವತ್ತು ನೂರು ವರ್ಷಕ್ಕೊಮ್ಮೆ ಸಂದು ಸವೆದಾಗ ಹಳೆಯದನ್ನು ಕೆರೆದು ಹೊಸ ಗಾರೆ ತುಂಬಿದರಾಯಿತು. ಇಟ್ಟಿಗೆಗೆ ಏನೂ ಆಗುವುದಿಲ್ಲ. ಮನೆಯಲ್ಲಿ ತಾಯಿ ಎಲ್ಲರ ಸಿಟ್ಟನ್ನೂ ತಾನು ನುಂಗಿ ಸಂಸಾರವನ್ನು ಉಳಿಸುವ ಹಾಗೆ, ತಾನು ಸವೆದು ಇಟ್ಟಿಗೆಯನ್ನು ಉಳಿಸುವುದು ಗಾರೆಯ ಧರ್ಮ.

1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬಾತ ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಆ ಶತಮಾನದ ಕೊನೆಯ ವೇಳೆಗೆ ಅಮೆರಿಕದಲ್ಲೂ ಅದರ ಬಳಕೆ ಹರಡಿತು. ಸಿಮೆಂಟು ಗಟ್ಟಿ, ಬೇಗ ಬಿಗಿಯುತ್ತದೆ, ಕೆಲಸಗಾರನಿಗೆ ಸುಲಭ. ಹಳೆಯ ಮನೆಗಳ ಸಂದು ಸವೆದಾಗ ಒಳ್ಳೆಯದೆಂದೇ ಬಗೆದು ಸಿಮೆಂಟನ್ನು ತುಂಬಿದರು. ಅಲ್ಲಿಂದ ಕೇಡು ಶುರುವಾಯಿತು. ಗೋಡೆಗೆ ಹೊಕ್ಕ ನೀರಿಗೆ ಸಂದಿನಲ್ಲಿ ದಾರಿ ಕಟ್ಟಿಹೋಯಿತು; ಇಟ್ಟಿಗೆಯ ಮೈಯಿಂದಲೇ ಹೊರಡಬೇಕಾಯಿತು. ಫಿಲಡೆಲ್ಫಿಯದ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲಿಗೆ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಇಟ್ಟಿಗೆಯ ಹೊರಮೈ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಕೊನೆಗೆ ನೋಡಿದರೆ ಸಿಮೆಂಟಿನ ಗೆರೆಗಳು ಮಾತ್ರ ಜೇನುಹುಟ್ಟಿನಂತೆ ಮುಂಚಾಚಿ ನಿಂತಿರುತ್ತವೆ, ನಡುವೆ ಇಟ್ಟಿಗೆ ಗುಳಿಬಿದ್ದಿರುತ್ತದೆ. ಇನ್ನು ಕೆಲವರು ಹಳೆಯ ಬಣ್ಣವನ್ನು ತೆಗೆಯಲೆಂದು ಮರಳನ್ನು ರಭಸದಿಂದ ಊದಿಸಿ ಗೋಡೆಯನ್ನು ಉಜ್ಜಿಸಿದರು. ಬೆಂದ ಇಟ್ಟಿಗೆಯ ಹೊರಪದರವೇ ಅದರ ಚರ್ಮ. ಚರ್ಮ ಸುಲಿದ ಮೇಲೆ ಉಳಿಯುವುದು ನೀರು ಕುಡಿಯುವ ಮೆತ್ತನೆಯ ಮಾಂಸ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ಎಂಬ ಸರಕಾರಿ ಇಲಾಖೆ ಈ ಎರಡು ಅನಾಹುತಗಳನ್ನು ಕುರಿತು ಚಿಕ್ಕ ಹೊತ್ತಗೆಗಳನ್ನೇ ಹೊರಡಿಸಿದೆ. ಒಳ್ಳೆಯ ಗದ್ಯ, ಸರಕಾರಿ ಬರಹದಲ್ಲಿ ಅಷ್ಟು ಸ್ಪಷ್ಟತೆ ಅಪರೂಪ.

ನಮ್ಮ ಕಡೆಯ ಹಿರಿಯ ಗಾರೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾರೆ ಗಾಣದಲ್ಲಿ ಸುಣ್ಣ ಮರಳನ್ನು ಎತ್ತು ಕಟ್ಟಿ ಅರೆಯುತ್ತಿದ್ದುದನ್ನೂ, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುತ್ತಿದ್ದುದನ್ನೂ ನನ್ನ ತಂದೆ ವರ್ಣಿಸುತ್ತಿದ್ದರು. ಇಂದು ನಮ್ಮ ಹಳೆಯ ದೇವಸ್ಥಾನಗಳ ಗೋಡೆಗೆ ಭಕ್ತಿಯಿಂದ ಸಿಮೆಂಟು ಮೆತ್ತುವವರು ಆ ಹೊತ್ತಗೆಗಳನ್ನು ಓದಿದರೆ ಒಳ್ಳೆಯದು.

ಮಗಳು ಮೆಚ್ಚಿದ ಮನೆಯ ಮುಂಗೋಡೆಯಲ್ಲೂ ಅಲ್ಲಲ್ಲಿ ಸಿಮೆಂಟಿನ ಬೂದು ಗೆರೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಎರಡನೆಯ ಅಂತಸ್ತಿನ ಮಟ್ಟದಲ್ಲಿ ಗೋಡೆ ಕೊಂಚ ಹೊಟ್ಟೆ ಬಿಟ್ಟಿದ್ದುದು. ಸಾಲುಮನೆಯಲ್ಲಿ ತೊಲೆಗಳೆಲ್ಲ ಒಂದು ಪಾಲುಗೋಡೆಯಿಂದ ಇನ್ನೊಂದಕ್ಕೆ ಹಾಯ್ದಿರುತ್ತವೆ; ಭಾರವನ್ನೆಲ್ಲ ಹೊರುವವು ಅವೆರಡೇ. ಬೀದಿಯ ಕಡೆಯ ಮುಂಗೋಡೆ ಯಾವ ತೊಲೆಯನ್ನೂ ಹೊರುವುದಿಲ್ಲ, ಯಾವ ತೊಲೆಯೂ ಅದನ್ನು ಹಿಡಿದಿರುವುದಿಲ್ಲ. ಮೆರವಣಿಗೆಯ ಮುಂದೆ ಪೇಟ ಸುತ್ತಿ ನಡೆಯುವವರ ಹಾಗೆ ನೋಟಕ್ಕೆ ಮಾತ್ರ. ಕಾಲ ಸರಿದಂತೆ ಅದು ಹೊರಕ್ಕೆ ವಾಲುವುದುಂಟು. ಆಗ ಒಳಗಿನ ಜಂತೆಗಳಿಗೆ ಕಬ್ಬಿಣದ ಸರಳನ್ನು ಬಿಗಿದು, ಗೋಡೆಯನ್ನು ತೂರಿಸಿ, ಹೊರಗಡೆ ನಕ್ಷತ್ರದಾಕಾರದ ಬಿಲ್ಲೆಯನ್ನು ಕೂರಿಸಿ ಹಿಡಿಯುತ್ತಾರೆ. ಬೀದಿಯಲ್ಲಿ ಹೋಗುವವರು ಆ ಕಪ್ಪು ನಕ್ಷತ್ರಗಳನ್ನು ಅಲಂಕಾರವೆಂದು ತಿಳಿಯುತ್ತಾರೆ. ಅವು ಹೊಲಿಗೆಯ ಗುರುತುಗಳು.

ಅಲ್ಲಿಯ ಪದ್ಧತಿಯಲ್ಲಿ ಬೆಲೆ ಒಪ್ಪಿಗೆಯಾದ ಮೇಲೆ ಮನೆಯನ್ನು ಪರೀಕ್ಷಿಸಲು ಕೊಳ್ಳುವವನಿಗೆ ಕೆಲವು ದಿನಗಳ ಗಡುವಿರುತ್ತದೆ. ದೋಷ ಕಂಡರೆ ಬೆಲೆ ಇಳಿಸೆಂದು ಕೇಳಬಹುದು, ಇಲ್ಲವೆ ಮುಂಗಡವನ್ನು ಹಿಂದಕ್ಕೆ ಪಡೆದು ಕೈಬಿಡಬಹುದು. ಅಳಿಯಂದಿರು ಇಂಜಿನಿಯರೊಬ್ಬರನ್ನು ಕರೆಸಿದರು. ಎಪ್ಪತ್ತು ದಾಟಿದ ಆ ಮನುಷ್ಯ ತೂಗುಗುಂಡನ್ನು ಇಳಿಬಿಟ್ಟು ಗೋಡೆಯನ್ನು ಅಳೆದರು, ನೆಲಮಾಳಿಗೆಗೆ ಇಳಿದು ತೊಲೆಯ ತುದಿಗಳಿಗೆ ದಬ್ಬಳದಂಥ ಮೊಳೆಯನ್ನು ಚುಚ್ಚಿ ನೋಡಿದರು. ಗೋಡೆಯೊಳಗೆ ಅಡಗಿದ ತೊಲೆಯ ತುದಿಯೇ ಮೊದಲು ಕೊಳೆಯುವುದಂತೆ. ಮೂರು ಗಂಟೆ ನೋಡಿ ಅವರು ಹೇಳಿದ್ದು ಇಷ್ಟು: ಗೋಡೆ ವಾಲಿದ್ದು ಹಳೆಯ ಕಾಲದಲ್ಲಿ, ಈಗ ನಿಂತಿದೆ, ನಕ್ಷತ್ರಗಳು ಇನ್ನೂ ನಾಲ್ಕು ಬೇಕು, ಸಿಮೆಂಟನ್ನು ಉಳಿಯಿಂದ ಕೈಯಲ್ಲೇ ಬಿಡಿಸಬೇಕು, ಯಂತ್ರದ ಗರಗಸ ಹಚ್ಚಿದರೆ ಇಟ್ಟಿಗೆಯ ಅಂಚು ಹೋಗುತ್ತದೆ, ಎರಡು ತೊಲೆಗಳ ತುದಿ ಸತ್ತಿದೆ, ಪಕ್ಕಕ್ಕೆ ಹೊಸ ಮರ ಜೋಡಿಸಬೇಕು.

ಉಳಿದ ಪರೀಕ್ಷೆಗಳನ್ನು ವಿಸ್ತರಿಸುವುದಿಲ್ಲ. ಪಿಂಗಾಣಿಯ ಗುಬ್ಬಿಗಳ ಮೇಲೆ ಎಳೆದ ನೂರು ವರ್ಷದ ವಿದ್ಯುತ್ ತಂತಿ ಇದ್ದರೆ ಎಷ್ಟೋ ವಿಮಾ ಕಂಪನಿಗಳು ಮನೆಗೆ ವಿಮೆ ಕೊಡಲು ಹಿಂಜರಿಯುತ್ತವೆ. ಸೀಸದ ಬಣ್ಣವನ್ನು ಮನೆಗಳಲ್ಲಿ ಬಳಿಯುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕೆ ಹಿಂದೆ ಕಟ್ಟಿದ ಮನೆಯನ್ನು ಮಾರುವವನು ಸೀಸದ ಬಗ್ಗೆ ತನಗೆ ತಿಳಿದದ್ದನ್ನು ಹೇಳಲೇಬೇಕೆಂದು 1992ರ ಕಾಯಿದೆ ವಿಧಿಸುತ್ತದೆ. ಪುಟ್ಟ ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ. ಮನೆಯಿಂದ ಬೀದಿಯ ಚರಂಡಿಯವರೆಗಿನ ಸುಟ್ಟಮಣ್ಣಿನ ಕೊಳವೆ ಒಡೆದರೆ ರಿಪೇರಿ ಒಡೆಯನ ತಲೆಗೇ. ಅದರೊಳಕ್ಕೂ ಈಗ ಸಣ್ಣ ಕ್ಯಾಮರಾ ಇಳಿಸಿ ನೋಡುತ್ತಾರೆ. ಮೈಸೂರಿನಿಂದ ನಮ್ಮ ಅತ್ತಿಗೆಯವರು ಫೋನು ಮಾಡಿ ಬಾಗಿಲು ಯಾವ ದಿಕ್ಕಿಗೆ ಎಂದು ವಿಚಾರಿಸಿದರು. ಉತ್ತರಕ್ಕೆ ಎಂದೆವು. ಒಂದು ಪರೀಕ್ಷೆಯಾದರೂ ಖರ್ಚಿಲ್ಲದೆ ಮುಗಿಯಿತು.

ಇನ್ನು ಕಾಗದ ಪತ್ರಗಳು. ನನ್ನ ಮಟ್ಟಿಗೆ ಇದೇ ಅತ್ಯಂತ ರುಚಿಯಾದ ಭಾಗ. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವ ಹಾಗೆಯೇ ಅಲ್ಲಿಯ ಪತ್ರದಲ್ಲೂ ಉತ್ತರಕ್ಕೆ ಇಂಥ ಬೀದಿ, ಪೂರ್ವಕ್ಕೆ ಇಂಥವರ ಸ್ವತ್ತು, ಮುಂದೆ ಇಷ್ಟು ಅಡಿ, ಹಿಂದಕ್ಕೆ ಇಷ್ಟು ಅಡಿ ಎಂದಿರುತ್ತದೆ. ಹಿತ್ತಿಲ ಓಣಿಯನ್ನು ದಾರಿಗೂ ನೀರು ಹರಿಯುವುದಕ್ಕೂ ನೆರೆಯವರೊಡನೆ ಬಳಸುವ ಹಕ್ಕು ಎಂದೆಂದಿಗೂ ಸೇರಿದೆ ಎಂಬ ಒಕ್ಕಣೆ ಎಷ್ಟೋ ಪತ್ರಗಳಲ್ಲಿದೆ. ಬಹಳ ಹಳೆಯ ಪತ್ರಗಳಲ್ಲಿ ನೆಲದ ಒಡೆಯನಿಗೆ ವರ್ಷವರ್ಷವೂ ಸಲ್ಲಬೇಕಾದ ಶಾಶ್ವತ ನೆಲಗೇಣಿಯ ಪ್ರಸ್ತಾಪವೂ ಬರುತ್ತದೆ. ಮನೆ ಕಟ್ಟಿದವನೊಬ್ಬ, ನೆಲದ ಗೇಣಿ ಪಡೆಯುವವನು ಮತ್ತೊಬ್ಬ. ದಕ್ಷಿಣ ಕನ್ನಡದ ಮೂಲಗೇಣಿಯನ್ನು ಬಲ್ಲವರಿಗೆ ಈ ಏರ್ಪಾಡು ಕೂಡಲೇ ಅರ್ಥವಾದೀತು.

ಎರಡು ಶತಮಾನಗಳಲ್ಲಿ ಹತ್ತಾರು ಕೈ ಬದಲಾದ ಸ್ವತ್ತಿನ ಹಕ್ಕು ನಿರ್ಮಲವಾಗಿದೆಯೆಂದು ಯಾರು ಹೇಳಬೇಕು? ನಾವು ಋಣಭಾರ ಪತ್ರ ತೆಗೆಸುತ್ತೇವೆ, ವಕೀಲರ ಅಭಿಪ್ರಾಯ ಕೇಳುತ್ತೇವೆ, ಆಮೇಲೆ ದೇವರ ಮೇಲೆ ಭಾರ ಹಾಕುತ್ತೇವೆ. ಅಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. 1868ರಲ್ಲಿ ಪೆನ್ಸಿಲ್ವೇನಿಯದ ಸುಪ್ರೀಂ ಕೋರ್ಟು ವಾಟ್ಸನ್ ಮತ್ತು ಮ್ಯೂರ್‌ಹೆಡ್ ನಡುವಣ ಮೊಕದ್ದಮೆಯಲ್ಲಿ ತೀರ್ಪಿತ್ತಿತು: ಪತ್ರ ನೋಡಿಕೊಟ್ಟವನು ಒಳ್ಳೆಯ ನಂಬಿಕೆಯಿಂದ, ವಕೀಲರ ಸಲಹೆಯಂತೆ ನಡೆದಿದ್ದರೆ, ಅನಂತರ ಸಾಲದ ಬಾಧ್ಯತೆ ಹೊರಬಿದ್ದು ಕೊಂಡವನಿಗೆ ನಷ್ಟವಾದರೂ ಅವನು ಹೊಣೆಯಲ್ಲ. ಹಾಗಾದರೆ ಹೊಣೆ ಯಾರು? ಎಂಟು ವರ್ಷಗಳ ಮೇಲೆ, 1876ರಲ್ಲಿ, ಈ ಹೊಣೆಯನ್ನು ಹೊರುವುದಕ್ಕಾಗಿಯೇ ಅಲ್ಲಿ ಕಂಪನಿಯೊಂದು ಹುಟ್ಟಿತು. ಹಕ್ಕುವಿಮೆ ಎಂಬ ವ್ಯಾಪಾರ ಲೋಕದಲ್ಲಿ ಮೊದಲಾದದ್ದು ಅಂದು, ಆ ಊರಿನಲ್ಲಿ. ಒಂದೇ ಸಲ ಹಣ ಕಟ್ಟಿದರೆ ಸಾಕು. ಆಗಿಹೋದ ಕಾಲದಲ್ಲಿ ನಡೆದ ತಪ್ಪಿಗೆ ವಿಮೆ! ಮುಂದೆ ಬರುವ ಆಪತ್ತಿಗೆ ವಿಮೆ ಮಾಡುವುದನ್ನು ಕಂಡಿದ್ದೆ. ಹಿಂದೆ ಕಳೆದದ್ದಕ್ಕೆ ಮಾಡುವುದನ್ನು ಅಲ್ಲಿ ಕಂಡೆ.

ಬೆಂಕಿಯ ವಿಮೆಯ ಕಥೆ ಇನ್ನೂ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ನನೂ ಸಂಗಡಿಗರೂ 1752ರಲ್ಲಿ ಫಿಲಡೆಲ್ಫಿಯ ಕಾಂಟ್ರಿಬ್ಯೂಷನ್‌ಷಿಪ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ವಿಮೆ ಮಾಡಿದ ಮನೆಯ ಮುಂಗೋಡೆಗೆ, ನಾಲ್ಕು ಕೈಗಳು ಒಂದರ ಮಣಿಕಟ್ಟನ್ನು ಒಂದು ಹಿಡಿದ ಲೋಹದ ಗುರುತನ್ನು ಹೊಡೆಯುತ್ತಿದ್ದರು. ಇಂದಿಗೂ ಅವು ಗೋಡೆಗಳ ಮೇಲಿವೆ. ಮನೆಯ ಮುಂದೆ ಮರವಿದ್ದರೆ ಬೆಂಕಿ ಆರಿಸುವುದಕ್ಕೆ ಅಡ್ಡಿಯೆಂದು ಆ ಸಂಸ್ಥೆ 1781ರಲ್ಲಿ ಅಂಥ ಮನೆಗಳನ್ನು ನಿರಾಕರಿಸಿತು. ನೆರಳನ್ನು ಪ್ರೀತಿಸುವವರು ಸುಮ್ಮನಿರಲಿಲ್ಲ. 1784ರಲ್ಲಿ ಬೇರೆಯೇ ಸಂಸ್ಥೆ ಕಟ್ಟಿದರು. ಅದರ ಗುರುತು ಹಸುರು ಮರ. ವಿಮೆಗೆ ಮುಂಚೆ ಸಂಸ್ಥೆಯ ಮೋಜಣಿದಾರ ಬಂದು ಗೋಡೆಯ ದಪ್ಪವೆಷ್ಟು, ಮೆಟ್ಟಲು ಎಂಥದು, ಅಗ್ಗಿಷ್ಟಿಕೆಗೆ ಯಾವ ಕೆತ್ತನೆ ಎಂದು ಬರೆದುಕೊಳ್ಳುತ್ತಿದ್ದ. ಮನೆಯ ಮೂಲ ಪಾಠವನ್ನು ನಿರ್ಣಯಿಸಬೇಕೆನ್ನುವವರಿಗೆ ಇಂದು ಆ ವರದಿಗಳೇ ಆಧಾರ.

ಮಗಳು ಪತ್ರಗಳ ಸರಣಿಯನ್ನು ಹಿಂದಕ್ಕೆ ಓದುತ್ತ ಹೋದಳು. 1960ರ ದಶಕಕ್ಕೆ ಬಂದಾಗ ನಿಂತಳು. ಅಲ್ಲಿ ಮಾರಿದವನ ಸ್ಥಾನದಲ್ಲಿ ವ್ಯಕ್ತಿಯ ಹೆಸರಿರಲಿಲ್ಲ. ನಗರ ಪುನರಭಿವೃದ್ಧಿ ಪ್ರಾಧಿಕಾರದ ಹೆಸರಿತ್ತು. ಅದರ ಹಿಂದಿನ ಹಾಳೆಯಲ್ಲಿ, ಪ್ರಾಧಿಕಾರ ಆ ಮನೆಯನ್ನು ಒಂದು ಕುಟುಂಬದಿಂದ ಸ್ವಾಧೀನ ಮಾಡಿಕೊಂಡದ್ದು ದಾಖಲಾಗಿತ್ತು. "ಅಪ್ಪಾ, ಇವರು ಎಲ್ಲಿಗೆ ಹೋದರು?" ಎಂದು ಕೇಳಿದಳು. ಪತ್ರದಲ್ಲಿ ಅದಿರುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಸೊಸೈಟಿ ಹಿಲ್ ಬಡವರ ಬಡಾವಣೆ. ಒತ್ತಿನಲ್ಲೇ ಡಾಕ್ ಸ್ಟ್ರೀಟಿನ ತರಕಾರಿ, ಮೀನಿನ ಸಗಟು ಮಾರುಕಟ್ಟೆ. ಎಷ್ಟೋ ಮನೆಗಳಲ್ಲಿ ಕೋಣೆಗೊಂದು ಸಂಸಾರ: ಪೂರ್ವ ಯೂರೋಪಿನಿಂದ ವಲಸೆ ಬಂದವರು, ಯೆಹೂದ್ಯರು, ಕಪ್ಪು ಜನ. ಕಪ್ಪು ಜನರಿಗೆ ಆ ನೆರೆ ಹೊಸದಲ್ಲ. ಆರನೆಯ ಬೀದಿ ಮತ್ತು ಲೊಂಬಾರ್ಡ್ ಬೀದಿ ಕೂಡುವಲ್ಲಿರುವ ಮದರ್ ಬೆತೆಲ್ ಚರ್ಚನ್ನು ರಿಚರ್ಡ್ ಆಲನ್ 1794ರಲ್ಲಿ ಸ್ಥಾಪಿಸಿದ; ಗುಲಾಮನಾಗಿ ಹುಟ್ಟಿ ತನ್ನ ಬಿಡುಗಡೆಯನ್ನು ತಾನೇ ಕೊಂಡವನು ಅವನು. ಆ ಚರ್ಚಿನ ನೆಲ ಅಂದಿನಿಂದ ಕಪ್ಪು ಜನರ ಒಡೆತನ ತಪ್ಪಿದ್ದೇ ಇಲ್ಲ. ಅದೇ ನೆರೆಯಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಡಬ್ಲ್ಯು. ಇ. ಬಿ. ದುಬಾಯ್ಸ್ 'ದಿ ಫಿಲಡೆಲ್ಫಿಯ ನೀಗ್ರೋ' ಎಂಬ ಗ್ರಂಥವನ್ನು 1899ರಲ್ಲಿ ಹೊರತಂದ.

1950ರ ದಶಕದಲ್ಲಿ ನಗರ ಯೋಜನಾ ಆಯೋಗದ ಎಡ್ಮಂಡ್ ಬೇಕನ್ ಮತ್ತು ಸಂಗಡಿಗರು ಈ ಬಡಾವಣೆಯನ್ನು ಉದ್ಧರಿಸಲು ಹೊರಟರು. ಅಮೆರಿಕದ ಬೇರೆ ನಗರಗಳಲ್ಲಿ ಇಡೀ ಕೇರಿಗಳನ್ನೇ ನೆಲಸಮ ಮಾಡುತ್ತಿದ್ದ ಕಾಲ ಅದು. ಇಲ್ಲಿ ಹಳೆಯ ಮನೆಗಳನ್ನು ಉಳಿಸಬೇಕೆಂದು ನಿಶ್ಚಯಿಸಿದ್ದು ದೊಡ್ಡ ಮಾತು. ಅದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಸಗಟು ಮಾರುಕಟ್ಟೆ 1959ರಲ್ಲಿ ಊರಿನ ದಕ್ಷಿಣಕ್ಕೆ ಹೋಯಿತು. ಅದರ ಜಾಗದಲ್ಲಿ 1964ರ ವೇಳೆಗೆ ಐ. ಎಂ. ಪೇ ವಿನ್ಯಾಸದ ಮೂರು ಗೋಪುರಗಳು ಎದ್ದವು. ಮೇಯರ್ ರಿಚರ್ಡ್‌ಸನ್ ಡಿಲ್‌ವರ್ತ್ ಉಳಿದವರಿಗೆ ಧೈರ್ಯ ಬರಲೆಂದು ತಾನೇ 1957ರಲ್ಲಿ ಅಲ್ಲಿ ಮನೆ ಕಟ್ಟಿಸಿದ. ಮನೆಗಳ ಒಡೆಯರಿಗೆ ಪ್ರಾಧಿಕಾರ ಹೇಳಿತು: ನಾವು ಗೊತ್ತುಮಾಡಿದ ರೀತಿಯಲ್ಲಿ ಮನೆಯನ್ನು ಜೀರ್ಣೋದ್ಧಾರ ಮಾಡಿ, ಇಲ್ಲವೆ ಬಿಟ್ಟುಕೊಡಿ. ಹಣವಿದ್ದವರು ಮಾಡಿದರು. ಇಲ್ಲದವರಿಗೆ ಪರಿಹಾರ ಸಿಕ್ಕಿತು, ಮನೆ ಹೋಯಿತು. ಬಾಡಿಗೆಯವರ ಪಾಡು ಅದಕ್ಕೂ ಕಡೆ. ಪ್ರಾಧಿಕಾರ ಆ ಮನೆಗಳನ್ನು, ಜೀರ್ಣೋದ್ಧಾರ ಮಾಡಲು ಕರಾರು ಬರೆದುಕೊಟ್ಟ ಹೊಸಬರಿಗೆ ಮಾರಿತು. ಇಟ್ಟಿಗೆಯನ್ನು ಅಷ್ಟು ಜತನದಿಂದ ಕಾಪಾಡಿದ ಯೋಜನೆ ಅದರೊಳಗಿನ ಜನರನ್ನು ಕಾಪಾಡಲಿಲ್ಲ. ಬಡವರ ಕೇರಿಗೆ ಉಳ್ಳವರು ಬಂದು ನೆಲಸಿ ಬಡವರು ಹೊರಬೀಳುವ ಈ ಕ್ರಿಯೆಗೆ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ 1964ರಲ್ಲಿ ಲಂಡನ್ನನ್ನು ಕುರಿತು ಬರೆಯುತ್ತ 'ಜೆಂಟ್ರಿಫಿಕೇಷನ್' ಎಂದು ಹೆಸರಿಟ್ಟಳು. ಕನ್ನಡದಲ್ಲಿ ಇದಕ್ಕೆ ಇನ್ನೂ ಒಂದು ನೆಲೆಗೊಂಡ ಮಾತಿಲ್ಲ. ಕ್ರಿಯೆ ಮಾತ್ರ ನಮ್ಮಲ್ಲೂ ಚೆನ್ನಾಗಿ ನೆಲೆಗೊಂಡಿದೆ.

ಈ ಪ್ರಶ್ನೆಯಿಂದ ಮನೆಯಲ್ಲಿ ಎರಡು ದಿನ ಮಾತು ಕಡಿಮೆಯಾಯಿತು. ಗಡುವಿನಲ್ಲಿ ಉಳಿದಿದ್ದುದು ನಾಲ್ಕು ದಿನ. ನಾವು ಕೊಳ್ಳದಿದ್ದರೆ ಆ ಕುಟುಂಬಕ್ಕೆ ಮನೆ ಹಿಂದಕ್ಕೆ ಬರುವುದೆ ಎಂಬುದು ಅಳಿಯಂದಿರ ವಾದ. ಬರುವುದಿಲ್ಲ, ಆದರೆ ಅರವತ್ತು ವರ್ಷದ ಮೇಲೆ ಆ ಮನೆಗೆ ಬಂದ ಬೆಲೆಯಲ್ಲಿ ಅವರು ಹೊರಟದ್ದೂ ಸೇರಿದೆ, ಅದನ್ನು ತಿಳಿದೇ ಕೊಡಬೇಕು ಎಂಬುದು ಮಗಳ ವಾದ. ನಾನು ಎರಡನ್ನೂ ಒಪ್ಪಿದೆ. ಅದು ಅಧ್ಯಾಪಕರ ಹಳೆಯ ಚಾಳಿ.

ಕೊಂಡ ಮೇಲಿನ ಕಟ್ಟುಪಾಡುಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ನಗರದ ಹಿಸ್ಟಾರಿಕಲ್ ಕಮಿಷನ್ 1955ರಲ್ಲಿ ಸ್ಥಾಪಿತವಾದದ್ದು. ಅದರ ಪಟ್ಟಿಯಲ್ಲಿರುವ ಮನೆಯ ಹೊರಮುಖದಲ್ಲಿ ಕಿಟಕಿ, ಬಾಗಿಲು, ಸಂದಿನ ಗಾರೆ, ಯಾವುದನ್ನು ಬದಲಾಯಿಸಬೇಕಾದರೂ ಅದರ ಒಪ್ಪಿಗೆ ಬೇಕು. ಮರದ ಕಿಟಕಿಗೆ ಬದಲು ಪ್ಲಾಸ್ಟಿಕ್ಕಿನದನ್ನು ಹಾಕಿಸುತ್ತೇನೆಂದರೆ ನಡೆಯುವುದಿಲ್ಲ. ಮನೆಯ ಒಳಭಾಗಕ್ಕೆ ಸಾಮಾನ್ಯವಾಗಿ ಈ ನಿರ್ಬಂಧವಿಲ್ಲ. ಇದು ಒಡೆಯನ ಸ್ವಾತಂತ್ರ್ಯಕ್ಕೆ ಕುಂದಲ್ಲವೆ ಎಂದು ನಮ್ಮವರು ಕೇಳುತ್ತಾರೆ. ಕುಂದು ಹೌದು. ಆದರೆ ಪಕ್ಕದವನಿಗೂ ಅದೇ ಕುಂದಿರುವುದರಿಂದಲೇ ಆ ಓಣಿ ಓಣಿಯಾಗಿ ಉಳಿದಿದೆ. ನಮ್ಮ ಅಗ್ರಹಾರದ ಬೀದಿಯಲ್ಲಿ ಒಬ್ಬ ಜಗಲಿ ಕೆಡವಿ ಮೂರಂತಸ್ತು ಎಬ್ಬಿಸಿದ ಮೇಲೆ ಉಳಿದವರ ಜಗಲಿಗೆ ಅರ್ಥವಿರುತ್ತದೆಯೆ?

ಗಡುವಿನ ಕೊನೆಯ ದಿನ ಇಂಜಿನಿಯರರ ವರದಿಯನ್ನು ಮಾರುವವರ ಮುಂದಿಟ್ಟು ಬೆಲೆ ಇಳಿಸಲು ಕೇಳಿದರು. ಕೇಳಿದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಇಳಿಯಿತು. ಮಗಳು ರುಜು ಹಾಕಿದಳು. ಹಿಂದಿನ ಪತ್ರಗಳ ನಕಲುಗಳನ್ನೆಲ್ಲ, ಸ್ವಾಧೀನದ ಆ ಹಾಳೆಯನ್ನೂ ಸೇರಿಸಿ, ಒಂದು ಕಡತದಲ್ಲಿ ಕಟ್ಟಿ ನೆಲಮಾಳಿಗೆಯಲ್ಲಿಡದೆ ಮೇಲಿನ ಕೋಣೆಯ ಪುಸ್ತಕದ ಬೀರುವಿನಲ್ಲಿಟ್ಟಿದ್ದಾಳೆ. ನಾಲ್ಕು ನಕ್ಷತ್ರಗಳನ್ನು ನವೆಂಬರಿನಲ್ಲೇ ಬಿಗಿದರು. ಸಂದಿನ ಕೆಲಸಕ್ಕೆ ಮಾತ್ರ ಗಾರೆಯವರು ಏಪ್ರಿಲಿಗೆ ಬರುತ್ತೇವೆಂದರು. ಸುಣ್ಣ ಬಿಗಿಯುವ ಮೊದಲೇ ಹಿಮ ಬಿದ್ದರೆ ಗಾರೆ ಪುಡಿಯಾಗುತ್ತದೆ; ಅದುವರೆಗೆ ಸಿಮೆಂಟಿಗೆ ಕೈ ಹಚ್ಚುವ ಹಾಗಿಲ್ಲ.